ಚರ್ಚ್ ಗ್ರೂಪಲ್ಲಿ ಇಸ್ರೇಲ್ ವಿಡಿಯೊ, ಕಾಲೇಜಲ್ಲಿ ಜಗಳ. ಮಗನಿಗೆ ಏನು ಹೇಳಲಿ?

ಬಂಗಾರಪೇಟೆ ತಾಯಿ:

ಎಲ್ಲರಿಗೂ ವಂದನೆ. ನಾವು ತಲೆಮಾರುಗಳಿಂದ ಚರ್ಚಿಗೆ ಹೋಗುವ ಕುಟುಂಬ. ಮಗ ಇಂಜಿನಿಯರಿಂಗ್ ಕೊನೇ ವರ್ಷ. ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋಗಬೇಕು ಅಂತ ಆಸೆ.

ನಮ್ಮ ಯೂತ್ ಗ್ರೂಪಿಗೆ ದಿನಾ ಅಮೆರಿಕದ ಪಾಸ್ಟರ್‌ಗಳ ವಿಡಿಯೊ ಬರುತ್ತೆ. ಇಂಗ್ಲಿಷ್ ಪ್ರಸಂಗ, ಕೆಳಗೆ ತೆಲುಗು ಅಕ್ಷರ. ಹಿಂದೆ ದೊಡ್ಡ ನಕ್ಷೆ, ರಷ್ಯಾ ಮತ್ತು ಇರಾನ್ ಕಡೆಯಿಂದ ಇಸ್ರೇಲಿಗೆ ಕೆಂಪು ಬಾಣ. ಇಸ್ರೇಲ್ ಮೇಲೆ ಹಲವು ದೇಶ ದಂಡೆತ್ತಿ ಬರುತ್ತವೆ ಅನ್ನುವ ಬೈಬಲಿನ ಯೆಹೆಜ್ಕೇಲ 38ನೇ ಅಧ್ಯಾಯ ಈಗ ನಡೀತಿದೆ, ಇಸ್ರೇಲನ್ನು ಪ್ರಶ್ನಿಸಿದವರಿಗೆ ಶಾಪ ತಟ್ಟುತ್ತೆ ಅಂತ. ಮಗ ಅದನ್ನು ಕಾಲೇಜಿನ ಕ್ಲಾಸ್ ಗ್ರೂಪಿಗೆ ಹಾಕಿದ. ಅವನ ಪಕ್ಕ ಕೂರುವ ಹುಡುಗ ಮುಸ್ಲಿಂ, ಪಿಯುಸಿಯಿಂದ ಗೆಳೆಯ. ಕ್ರಿಸ್‌ಮಸ್‌ಗೆ ನಮ್ಮ ಮನೇಲೇ ಊಟ. ಅವನು ಗಾಜಾದ ಮಕ್ಕಳ ಫೋಟೊ ಹಾಕಿದ. ಇವನು ಏನೋ ಉತ್ತರ ಕೊಟ್ಟ. ಮಧ್ಯೆ ಇನ್ಯಾರೋ ಬಂದು ಆ ಹುಡುಗನಿಗೆ ಭಯೋತ್ಪಾದಕ ಅಂದುಬಿಟ್ಟರು. 2025ರ ಅಕ್ಟೋಬರಿನಲ್ಲಿ ಅಲ್ಲಿ ಕದನವಿರಾಮ ಆದ ಮೇಲೂ ಇವರಿಬ್ಬರು ಮಾತಾಡ್ತಿಲ್ಲ.

ಚರ್ಚಲ್ಲಿ ಕೇಳಿದರೆ ಇಸ್ರೇಲ್ ಪರ ನಿಲ್ಲೋದೇ ನಂಬಿಕೆ ಅಂತಾರೆ. ಅಮೆರಿಕದ ಕಾಲೇಜುಗಳಲ್ಲಿ ಇದೇ ವಿಷಯಕ್ಕೆ ಗಲಾಟೆ ಅಂತ ಟಿವೀಲಿ ನೋಡಿದ್ದೇನೆ. ಇವನು ಅಲ್ಲಿಗೆ ಹೋಗಿ ಯಾವುದರಲ್ಲಿ ಸಿಕ್ಕಿಕೊಳ್ಳುತ್ತಾನೋ ಅಂತ ಭಯ. ನಂಬಿಕೆ ಇರುವವರು ಹೇಳಿ.

ವೀಸಾಗೆ ಕಾಯ್ತಿರೋನು, ಮಾಲೂರು:

ಆಂಟಿ, ವೀಸಾ ವಿಷಯ ಮಾತ್ರ ಹೇಳ್ತೀನಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವವರು ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಮಾಡಬೇಕು ಅಂತ ನಿಯಮ ಬಂದಿದೆ. ಅದೇ ವರ್ಷ ಮಾರ್ಚಲ್ಲಿ ಅವರ ವಿದೇಶಾಂಗ ಸಚಿವ ರೂಬಿಯೊ 300ಕ್ಕೂ ಜಾಸ್ತಿ ವೀಸಾ ರದ್ದು ಮಾಡಿರಬಹುದು ಅಂದಿದ್ದರು. ಯಾರ ಪರವಾಗಿ ಬರೆದರೂ ಸಿಟ್ಟಲ್ಲಿ ಬರೆದಿದ್ದು ಉಳಿದುಬಿಡುತ್ತೆ.

ನಿವೃತ್ತ ಮೇಷ್ಟ್ರು, ಕೋಲಾರ:

ತಾಯಿ, ವಂದನೆ. ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದವನು, ಈಗಲೂ ಸಂಡೇ ಸ್ಕೂಲ್ ನಡೆಸುತ್ತೇನೆ. ಬೈಬಲಿನ ಪ್ರತಿ ಮಾತೂ ಸತ್ಯ ಅಂತ ನಂಬುವವನು. ಆ ನಂಬಿಕೆಯಿಂದಲೇ ಹೇಳುತ್ತೇನೆ, ಆ ವಿಡಿಯೊಗಳು ನಿಮ್ಮ ಮಗನಿಗೆ ಅರ್ಧ ಬೈಬಲ್ ಓದಿಸುತ್ತಿವೆ.

ಮೊದಲು ಪಾಪವನ್ನು ಪಾಪ ಅನ್ನೋಣ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಸುಮಾರು 250 ಜನರನ್ನು ಗಾಜಾಕ್ಕೆ ಎಳೆದುಕೊಂಡು ಹೋದರು, ಅದರಲ್ಲಿ ಹಸುಗೂಸು ಇತ್ತು, ವಯಸ್ಸಾದ ಅಜ್ಜಿಯರಿದ್ದರು. ಅದಕ್ಕೆ ಯಾವ ಸಮಜಾಯಿಷಿಯೂ ಬೇಡ. ದಾಳಿಯ ಬೆನ್ನಿಗೇ ಹಾರ್ವರ್ಡ್‌ನ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿ ಸಂಘಗಳು ಎಲ್ಲ ಹಿಂಸೆಗೂ ಇಸ್ರೇಲೇ ಪೂರ್ತಿ ಹೊಣೆ ಅಂತ ಹೇಳಿಕೆ ಹೊರಡಿಸಿದವು. ಹೆಣಗಳು ಇನ್ನೂ ಮಣ್ಣಾಗಿರಲಿಲ್ಲ. 2024ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆಕಾರರು ಹ್ಯಾಮಿಲ್ಟನ್ ಹಾಲಿನ ಗಾಜು ಒಡೆದು ಒಳಗೆ ಸೇರಿಕೊಂಡರು, ರಾತ್ರಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಕೊನೆಗೆ ಇಡೀ ವಿಶ್ವವಿದ್ಯಾಲಯದ ಪದವಿ ಸಮಾರಂಭವೇ ರದ್ದು. ಸಾಲ ಮಾಡಿ ಓದಿಸಿದ ಅಪ್ಪ ಅಮ್ಮ ಆ ಒಂದು ದಿನಕ್ಕೆ ಕಾದಿರುತ್ತಾರೆ, ಅಲ್ವಾ? ಗಾಜಾ ಯುದ್ಧ ವಿರೋಧಿಸಿ ಅಲ್ಲಿ ಟೆಂಟ್ ಹಾಕಿ ಕೂತವರೆಲ್ಲ ಉಗ್ರರು ಅನ್ನೋದೂ ಸುಳ್ಳು. ಅವರಲ್ಲಿ ಯೆಹೂದಿ ಮಕ್ಕಳೂ ಇದ್ದರು, ಅಲ್ಲೇ ಪಸ್ಕ ಹಬ್ಬದ ಊಟ ಮಾಡಿದರು. ನಿಮ್ಮ ಮಗ ಓದೋಕೆ ಹೋಗುವವನು, ಕಿಟಕಿ ಒಡೆಯುವ ಗುಂಪಿನ ಹತ್ತಿರಕ್ಕೂ ಹೋಗಬಾರದು. ಆದರೆ ಆ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟು ದೂರ ತಳ್ಳುವುದೂ ಬೇಡ.

ಈಗ ಶಾಪದ ಮಾತು. ಇಸ್ರೇಲಿನ ಅರಸ ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿರಿ ಅಂತ ಯಾವ ಪ್ರವಾದಿ ಹೇಳಿದ? 1 ಅರಸುಗಳು 21 ತೆಗೆದು ಮಗನ ಜೊತೆ ಕೂತು ಜೋರಾಗಿ ಓದಿ. ಅಹಾಬ ಇಸ್ರಾಯೇಲಿನ ಅರಸ. ಅರಮನೆ ಪಕ್ಕದ ದ್ರಾಕ್ಷೆತೋಟ ಅವನಿಗೆ ತರಕಾರಿ ಬೆಳೆಯೋಕೆ ಬೇಕು. ಅಪ್ಪ ತಾತಂದಿರ ಆಸ್ತಿ, ಕೊಡಲ್ಲ ಅಂದ ನಾಬೋತ. ಅರಸ ಊಟ ಬಿಟ್ಟು ಮುಖ ತಿರುಗಿಸಿ ಮಲಗಿದ. ಹೆಂಡತಿ ಈಜೆಬೆಲ್ ಸುಳ್ಳು ಸಾಕ್ಷಿ ಹುಟ್ಟಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಅಹಾಬ ತೋಟ ವಶ ಮಾಡಿಕೊಳ್ಳೋಕೆ ಹೋದರೆ, ದೇವರು ಕಳಿಸಿದ ಪ್ರವಾದಿ ಎಲೀಯ ಅಲ್ಲೇ ಎದುರು ನಿಂತಿದ್ದ. ಕೊಲೆ ಮಾಡಿ ಆಸ್ತಿಯನ್ನೂ ಹೊಡೆದೆಯಾ ಅಂತ ಮುಖಕ್ಕೇ ಕೇಳಿದ. ನಮ್ಮ ಜಿಲ್ಲೆಯ ಜಮೀನು ವ್ಯಾಜ್ಯ ಕಂಡವರಿಗೆ ಆ ಅಧ್ಯಾಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಲೀಯನಿಗೆ ಶಾಪ ತಟ್ಟಲಿಲ್ಲ. ಆಮೋಸ 3:2 ಕೂಡ ನೋಡಿ. ನಿಮ್ಮನ್ನೇ ಆರಿಸಿಕೊಂಡೆ, ಅದಕ್ಕೇ ನಿಮ್ಮ ಪಾಪಕ್ಕೆ ದಂಡಿಸುತ್ತೇನೆ ಅನ್ನುತ್ತಾನೆ ದೇವರು.

ನನಗೆ ತುಂಬಾ ನೋವಾಗುವುದು ಇನ್ನೊಂದು ವಿಷಯಕ್ಕೆ. ಗಾಜಾದಲ್ಲಿ ನಮ್ಮವರಿದ್ದಾರೆ, ಯುದ್ಧಕ್ಕೆ ಮುಂಚೆ ಸುಮಾರು ಸಾವಿರ ಕ್ರೈಸ್ತರು. 2023ರ ಅಕ್ಟೋಬರ್ 19ರಂದು ಸಂತ ಪೊರ್ಫಿರಿಯಸ್ ಚರ್ಚಿನ ಆವರಣಕ್ಕೆ ಬಾಂಬ್ ಬಿದ್ದು ಅಲ್ಲಿ ಆಶ್ರಯ ಪಡೆದಿದ್ದವರು ಸತ್ತರು. 2025ರ ಜುಲೈ 17ರಂದು ಹೋಲಿ ಫ್ಯಾಮಿಲಿ ಚರ್ಚಿಗೆ ಶೆಲ್ ಬಡಿದು ಮೂವರು ಸತ್ತರು, ಗುರಿ ತಪ್ಪಿತು ಅಂತ ಇಸ್ರೇಲ್ ವಿಷಾದ ಹೇಳಿತು. ಅಲ್ಲಿನ ಅಲ್-ಅಹ್ಲಿ ಆಸ್ಪತ್ರೆ 1882ರಲ್ಲಿ ಮಿಷನರಿಗಳು ಶುರು ಮಾಡಿದ್ದು, ಇವತ್ತಿಗೂ ಜೆರುಸಲೇಮಿನ ಆಂಗ್ಲಿಕನ್ ಸಭೆಯದು. 2025ರ ಗರಿಗಳ ಭಾನುವಾರ, ಏಪ್ರಿಲ್ 13ರ ಬೆಳಗಿನ ಜಾವ, ಅದರ ಲ್ಯಾಬ್ ಮೇಲೆ ಇಸ್ರೇಲಿನ ಕ್ಷಿಪಣಿ ಬಿತ್ತು. ಹಮಾಸ್ ಅಲ್ಲಿಂದ ಕೆಲಸ ಮಾಡುತ್ತಿತ್ತು ಅನ್ನೋದು ಇಸ್ರೇಲ್ ಕೊಟ್ಟ ಕಾರಣ. ರೋಗಿಗಳನ್ನು ಕತ್ತಲಲ್ಲಿ ಬೀದಿಗೆ ಸಾಗಿಸಿದರು.

ನಮ್ಮೂರಿನ ಇಟಿಸಿಎಂ ಆಸ್ಪತ್ರೆಯೂ ಮಿಷನ್ನಿನದೇ, ಅಮೆರಿಕದ ಮೆಥೋಡಿಸ್ಟರು ಕಟ್ಟಿದ್ದು. ನನ್ನ ಮಕ್ಕಳು ಹುಟ್ಟಿದ್ದು ಅಲ್ಲೇ. ಪಕ್ಕದ ಮಂಚದ ಬಾಣಂತಿ ಶ್ರೀನಿವಾಸಪುರದ ಕಡೆಯ ಮುಸ್ಲಿಂ ಹೆಣ್ಣುಮಗಳು. ಅವರಮ್ಮ ಸ್ಟೀಲ್ ಡಬ್ಬೀಲಿ ತಂದ ಗಂಜಿಯನ್ನು ನಮ್ಮ ಮನೆಯವರಿಗೂ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಮಿಷನ್ ಆಸ್ಪತ್ರೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುವ ಜಿಲ್ಲೆ ನಮ್ಮದು. ಆ ಭಾನುವಾರ ನಿಮ್ಮ ಗ್ರೂಪಲ್ಲಿ ಅಲ್-ಅಹ್ಲಿಗಾಗಿ ಒಬ್ಬರಾದರೂ ಪ್ರಾರ್ಥನೆ ಹಾಕಿದ್ದರಾ, ಮಗನನ್ನು ಕೇಳಿ.

ವಿದೇಶಾಂಗ ನೀತಿ ದಿಲ್ಲಿಯವರ ಕೆಲಸ. ಭಾರತ 1950ರಲ್ಲಿ ಇಸ್ರೇಲನ್ನು ಒಪ್ಪಿಕೊಂಡಿತು, 1988ರಲ್ಲಿ ಪ್ಯಾಲೆಸ್ಟೀನನ್ನೂ. ಇಸ್ರೇಲ್ ಜೊತೆ ಪೂರ್ತಿ ರಾಯಭಾರ ಸಂಬಂಧ ಬಂದದ್ದು 1992ರಲ್ಲಿ, ನರಸಿಂಹರಾವ್ ಕಾಲದಲ್ಲಿ. 2023ರ ಅಕ್ಟೋಬರಿನಲ್ಲಿ ಗಾಜಾ ವಿಷಯಕ್ಕೆ ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಉಳಿಯಿತು, ಡಿಸೆಂಬರಿನಲ್ಲಿ ಕದನವಿರಾಮದ ಪರ ಹಾಕಿತು. ಅದು ದೇಶದ ಲೆಕ್ಕಾಚಾರ. ಅಮೆರಿಕದಲ್ಲಿ ಹಾಗಲ್ಲ, ಚರ್ಚಿನ ವೋಟು ಜಾಸ್ತಿ ನಡೆಯುತ್ತೆ. 2018ರಲ್ಲಿ ಅವರ ರಾಯಭಾರ ಕಚೇರಿ ಜೆರುಸಲೇಮಿಗೆ ಹೋದಾಗ ಪಾಸ್ಟರ್ ಜಾನ್ ಹೇಗಿ ಅಲ್ಲಿ ಪ್ರಾರ್ಥನೆ ಮಾಡಿದರು. ಅದು ಅವರ ದೇಶದ ರಾಜಕೀಯ. ಬಂಗಾರಪೇಟೆಯ ಹುಡುಗ ಅದನ್ನೇ ಸುವಾರ್ತೆ ಅಂತ ಗೆಳೆಯನ ಮುಂದೆ ಇಡಬಾರದು.

ಚಿಂತಾಮಣಿ ಸಹೋದರ:

ಮೇಷ್ಟ್ರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳ್ತೀನಿ. ಆದಿಕಾಂಡ 12:3ರಲ್ಲಿ ದೇವರು ಅಬ್ರಹಾಮನಿಗೆ ಹೇಳಿದ್ದು ಸ್ಪಷ್ಟ ಇದೆ. ಹರಸುವವರನ್ನು ಹರಸುತ್ತೇನೆ, ಶಪಿಸುವವರನ್ನು ಶಪಿಸುತ್ತೇನೆ. 1948ರಲ್ಲಿ ಆ ದೇಶ ಮತ್ತೆ ಹುಟ್ಟಿದ್ದು ದೇವರ ಕೈ ಇಲ್ಲದೆ ಆಯ್ತಾ? ನಾವೇ ಹಿಂದೆ ಸರಿದರೆ ಉಗ್ರರಿಗೆ ಧೈರ್ಯ ಬರುತ್ತೆ.

ನಿವೃತ್ತ ಮೇಷ್ಟ್ರು, ಕೋಲಾರ:

ತಮ್ಮಾ, ಅದೇ ವಚನದ ಕೊನೆ ಓದು. ಭೂಮಿಯ ಎಲ್ಲ ಕುಲದವರಿಗೂ ನಿನ್ನಿಂದ ಆಶೀರ್ವಾದ ಅಂತ ಇದೆ. ಗಲಾತ್ಯ 3:16ರಲ್ಲಿ ಪೌಲ, ಅಬ್ರಹಾಮನಿಗೆ ಮಾತು ಕೊಟ್ಟ ಆ ಸಂತಾನ ಕ್ರಿಸ್ತನೇ ಅನ್ನುತ್ತಾನೆ. ಯೆಹೂದಿಗಳಿಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ, ಯುರೋಪಿನ ಕ್ರೈಸ್ತರು ಶತಮಾನಗಟ್ಟಲೆ ಅವರಿಗೆ ಕೊಟ್ಟ ಹಿಂಸೆ ನೆನೆದು ಜಾಸ್ತಿಯೇ ಮಾಡುತ್ತೇನೆ. 1948ರಲ್ಲಿ ದೇವರ ಕೈ ಇತ್ತು ಅಂತ ನೀನು ನಂಬು, ನಾನು ತಡೆಯಲ್ಲ. ದಾವೀದನನ್ನು ಸಿಂಹಾಸನದಲ್ಲಿ ಕೂರಿಸಿದ್ದೂ ದೇವರ ಕೈಯೇ. ಆದರೂ ಅವನು ಪಾಪ ಮಾಡಿದಾಗ ಪ್ರವಾದಿ ನಾತಾನ ಅವನ ಮುಂದೆ ಸುಮ್ಮನಿರಲಿಲ್ಲ.

ಮುಳಬಾಗಿಲಿನ ತಂದೆ:

ನಾನು ಮುಸ್ಲಿಂ. ನಮ್ಮ ಹುಡುಗರ ಗ್ರೂಪಲ್ಲೂ ಹಮಾಸ್‌ನವರನ್ನು ವೀರರು ಮಾಡುವ ವಿಡಿಯೊ ಬರುತ್ತವೆ. ಹೆಂಗಸರನ್ನು, ಮಕ್ಕಳನ್ನು ಕೊಲ್ಲೋದು ಹರಾಮ್ ಅಂತ ನನ್ನ ಮಗನಿಗೆ ಕೂರಿಸಿ ಹೇಳಿದ್ದೇನೆ. ಅಕ್ಕಾ, ಆ ಹುಡುಗನಿಗೆ ಭಯೋತ್ಪಾದಕ ಅಂದದ್ದು ನಿಮ್ಮ ಮಗನಲ್ಲ, ಸರಿ. ಆದರೆ ಇವನು ಆಗ ಏನಾದರೂ ಅಂದನಾ? ಅವನಿಗೆ ನೋವಾಗಿರೋದು ಅಲ್ಲೇ ಇರಬೇಕು.

ಬಂಗಾರಪೇಟೆ ತಾಯಿ:

ಅಣ್ಣಾ, ಕೇಳಿದೆ. ಏನೂ ಅನ್ನಲಿಲ್ಲವಂತೆ. ನಾಬೋತನ ಅಧ್ಯಾಯ ಓದಿದೆವು. ವಿಡಿಯೊದಲ್ಲಿ ಹೇಳಿದ್ದೆಲ್ಲ ತಪ್ಪು ಅಂತ ಅವನು ಇನ್ನೂ ಒಪ್ಪಿಲ್ಲ. ಗೆಳೆಯನ ಮನೆಗೆ ಮಾತ್ರ ಹೋಗಿ ಬರ್ತೀನಿ ಅಂದಿದ್ದಾನೆ. ಮೇಷ್ಟ್ರೇ, ಅಲ್-ಅಹ್ಲಿಗಾಗಿ ಸಭೆಯಲ್ಲಿ ಪ್ರಾರ್ಥನೆ ಮಾಡಿಸಬೇಕು ಅಂದರೆ ಅಯ್ಯನವರ ಹತ್ತಿರ ಹೇಗೆ ಕೇಳಲಿ? ರಾಜಕೀಯ ಅಂದುಬಿಟ್ಟರೆ?

ನಿವೃತ್ತ ಮೇಷ್ಟ್ರು, ಕೋಲಾರ:

ವಾದಕ್ಕೆ ಹೋಗಬೇಡಿ. ಒಂದು ಚೀಟೀಲಿ ಬರೆದು ಆರಾಧನೆಗೆ ಮುಂಚೆ ಕೊಡಿ. ಅಲ್-ಅಹ್ಲಿ ಆಸ್ಪತ್ರೆಯ ಡಾಕ್ಟರು, ನರ್ಸುಗಳಿಗಾಗಿ, ಎರಡು ಚರ್ಚುಗಳ ಸಭೆಯವರಿಗಾಗಿ, ಅಕ್ಟೋಬರ್ 7ರಂದು ಮನೆಯವರನ್ನು ಕಳೆದುಕೊಂಡ ಇಸ್ರೇಲಿನ ಕುಟುಂಬಗಳಿಗಾಗಿ. ಇಷ್ಟೇ ಬರೆಯಿರಿ. ಕಾಯಿಲೆಯವರ ಹೆಸರು ಓದುವಾಗ ಜೊತೆಗೇ ಓದುತ್ತಾರೆ. ಮಗನ ಕೈಯಲ್ಲೇ ಬರೆಸಿ.