ಕೆಳಗಿನ ಹರಳು ಬದಲಾದರೆ ಫಿಲ್ಮ್ ಯಾಕೆ ಬದಲಾಗುತ್ತದೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಗದಗ
ಮೇಡಂ, ನಮಸ್ಕಾರ. ಮುಂದಿನ ವಾರ ನನ್ನ ಸೆಮಿನಾರ್ ಇದೆ. ಐರನ್ ಸೆಲೆನೈಡ್ ಹರಳು ಸುಮಾರು 8 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ (ವಿದ್ಯುತ್ತಿಗೆ ಸ್ವಲ್ಪವೂ ತಡೆಯೊಡ್ಡದ ವಸ್ತು) ಆಗುತ್ತದೆ. ಅದನ್ನೇ ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಒಂದೇ ಪದರವಾಗಿ ಬೆಳೆಸಿದರೆ 65 ಕೆಲ್ವಿನ್ ಅಂತ ಓದಿದೆ. ಗ್ರಾಫೀನ್ (ಇಂಗಾಲದ ತೆಳು ಹಾಳೆ) ಮೇಲೆ ಆ ಪದರ ಸೂಪರ್‌ಕಂಡಕ್ಟರ್ ಆಗುವುದೇ ಇಲ್ಲವಂತೆ. ಸಬ್‌ಸ್ಟ್ರೇಟ್, ಅಂದರೆ ಫಿಲ್ಮ್‌ನ ಕೆಳಗಿನ ತಳ, ಇರುವುದು ಸುಮ್ನೆ ಹೊತ್ತುಕೊಳ್ಳಲು ಅಲ್ವಾ?

ಉತ್ತರ: ಫಿಲ್ಮ್ ಸಂಶೋಧಕಿ, ಧಾರವಾಡ
ತಂಗಿ, ಫಿಲ್ಮ್ ದಪ್ಪಗಿದ್ದರೆ ನಿನ್ನ ಮಾತು ಬಹುಪಾಲು ಸರಿ. ಆದರೆ ಈ ಪದರದ ದಪ್ಪ ಸುಮಾರು 0.55 ನ್ಯಾನೋಮೀಟರ್. ಅದರ ಎಲ್ಲ ಪರಮಾಣುಗಳೂ ಕೆಳಗಿನ ಹರಳಿಗೆ ಪಕ್ಕದ ಮನೆಯವರೇ.

ಹರಳಿನಲ್ಲಿ ಪರಮಾಣುಗಳು ಚೌಕಗಳಾಗಿ ಕೂತಿರುತ್ತವೆ. ಟೈಟನೇಟಿನ ಚೌಕದ ಬದಿ 0.3905 ನ್ಯಾನೋಮೀಟರ್, ಸೆಲೆನೈಡಿನದು 0.377. ಎರಡು ಚೌಕಳಿ ಬಟ್ಟೆ ಒಂದರ ಮೇಲೊಂದು ಹಾಸಿದ್ದೀ ಅಂದುಕೋ. ಎಳೆಯದೆ ಬಿಟ್ಟರೆ ಕೆಳಗಿನ 28 ಚೌಕಕ್ಕೆ ಮೇಲಿನ 29 ಬರುತ್ತವೆ. ಒಂದೇ ಪದರವಾದರೆ ಅದು ಹಿಗ್ಗಿ ಕೆಳಗಿನ ಅಳತೆಗೆ ಬಹುತೇಕ ಹೊಂದಿಕೊಳ್ಳುತ್ತದೆ.

ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಎಲೆಕ್ಟ್ರಾನ್ ವಿಷಯ. ನಿರ್ವಾತದಲ್ಲಿ ಕಾಯಿಸಿದಾಗ ಟೈಟನೇಟಿನಿಂದ ಸ್ವಲ್ಪ ಆಮ್ಲಜನಕ ಹೊರಬೀಳುತ್ತದೆ. ಅದು ಬಿಟ್ಟುಹೋದ ಎಲೆಕ್ಟ್ರಾನ್‌ಗಳು ಮೇಲಿನ ಪದರಕ್ಕೆ ಸೇರುತ್ತವೆ. ಗ್ರಾಫೀನ್ ಈ ಉಪಕಾರ ಮಾಡುವುದಿಲ್ಲ, ಪದರವನ್ನು ಬಿಗಿಯಾಗಿ ಹಿಡಿಯುವುದೂ ಇಲ್ಲ. 2012ರಲ್ಲಿ ಚೀನಾದ ಶುಯೆ ಚಿಕುನ್ ತಂಡ ಟೈಟನೇಟ್ ಮೇಲಿನ ಒಂದೇ ಪದರದಲ್ಲಿ ಸೂಪರ್‌ಕಂಡಕ್ಟರ್ ಗುರುತು ಕಂಡಾಗ ಎರಡನೇ ಪದರದಲ್ಲೇ ಅದು ಇರಲಿಲ್ಲ!

ಸೆಮಿನಾರಿನಲ್ಲಿ ಒಂದು ಎಚ್ಚರ. 65 ಎನ್ನುವುದು, ಸೂಪರ್‌ಕಂಡಕ್ಟರ್ ಆದಾಗ ಎಲೆಕ್ಟ್ರಾನ್ ಶಕ್ತಿಯಲ್ಲಿ ತೆರೆಯುವ ಗ್ಯಾಪ್ (ಅಂತರ) ಮುಚ್ಚುವ ತಾಪಮಾನ. ರೆಸಿಸ್ಟೆನ್ಸ್ ಅಳೆದಾಗ ಸಾಮಾನ್ಯವಾಗಿ ಕಡಿಮೆ ಅಂಕಿ ಬರುತ್ತದೆ. ಎರಡನ್ನೂ ಬೆರೆಸಬೇಡ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ
ಅಕ್ಕಾ, ಸಬ್‌ಸ್ಟ್ರೇಟನ್ನು ಅಸಿಟೋನ್‌ನಲ್ಲಿ ತೊಳೆದರೆ ಸಾಕಲ್ವಾ?

ಉತ್ತರ
ಸಾಲದು ತಮ್ಮಾ. ಅಸಿಟೋನ್ ಜಿಡ್ಡು ತೆಗೆಯುತ್ತದೆ, ತಾನಾಗಿ ಒಣಗಲು ಬಿಟ್ಟರೆ ಕಲೆ ಉಳಿಸುತ್ತದೆ. ಶುರುವಿನಲ್ಲಿ ಆ ಕಲೆಯಿಂದಲೇ ನನ್ನ ಎರಡು ತಿಂಗಳು ಹೋದವು. ಪಂಪು, ಹೀಟರ್ ಎಲ್ಲದರ ಮೇಲೂ ಅನುಮಾನಪಟ್ಟಿದ್ದೆ.

ಕೊಂಡು ತಂದ ಟೈಟನೇಟ್ ಹರಳಿನ ಮೇಲೆ ಕೆಲವೆಡೆ ಸ್ಟ್ರಾನ್ಷಿಯಂ ಆಕ್ಸೈಡ್, ಕೆಲವೆಡೆ ಟೈಟಾನಿಯಂ ಆಕ್ಸೈಡ್ ಇರುತ್ತದೆ. ನಮಗೆ ಎರಡನೆಯದು ಮಾತ್ರ ಬೇಕು. ನೀರಿನಲ್ಲಿ ನೆನೆಸಿದರೆ ಸ್ಟ್ರಾನ್ಷಿಯಂ ಭಾಗ ಹೈಡ್ರಾಕ್ಸೈಡ್ ಆಗುತ್ತದೆ. ಬಫರ್ ಮಾಡಿದ ಹೈಡ್ರೋಫ್ಲೋರಿಕ್ ಆಸಿಡ್ ಅದನ್ನು ಕರಗಿಸುತ್ತದೆ. ಆಮೇಲೆ ಆಮ್ಲಜನಕದಲ್ಲಿ ಸುಮಾರು 950 ಡಿಗ್ರಿಗೆ ಕಾಯಿಸಬೇಕು. ಆಗ ಎ.ಎಫ್.ಎಂ. (ಸೂಜಿಯಿಂದ ಮೇಲ್ಮೈ ತಡವಿ ನೋಡುವ ಸೂಕ್ಷ್ಮದರ್ಶಕ) ಚಿತ್ರದಲ್ಲಿ 0.39 ನ್ಯಾನೋಮೀಟರ್ ಎತ್ತರದ ಮೆಟ್ಟಿಲುಗಳು ಸಾಲಾಗಿ ಕಾಣುತ್ತವೆ. ಆ ಮೆಟ್ಟಿಲು ಕಾಣುವ ತನಕ ಫಿಲ್ಮ್ ಬೆಳೆಸಲು ಹೋಗಬೇಡ.

ಆ ಆಸಿಡ್ ಚರ್ಮದಿಂದ ಮೂಳೆಯವರೆಗೂ ಇಳಿಯುತ್ತದೆ. ಒಬ್ಬನೇ ಮುಟ್ಟಬೇಡ. ತಿಳಿದವರು ಪಕ್ಕದಲ್ಲಿರಲಿ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತಿರಲಿ.

ಪ್ರಶ್ನೆ: ಅದೇ ವಿದ್ಯಾರ್ಥಿ
ನಯೋಬಿಯಂ ನೈಟ್ರೈಡ್ ಎಂಬ ಸೂಪರ್‌ಕಂಡಕ್ಟರನ್ನು ಗಾಜಿನ ಮೇಲೆ ಹಾಕಿದರೆ? ಹರಳು ತುಟ್ಟಿ ಅಕ್ಕಾ.

ಉತ್ತರ
ಗಾಜಿನಲ್ಲಿ ಪರಮಾಣುಗಳು ಸಾಲಾಗಿ ಕೂತಿರುವುದಿಲ್ಲ. ಹಾಗಾಗಿ ಫಿಲ್ಮ್ ಸಣ್ಣ ಕಾಳುಗಳಾಗಿ, ಒಂದೊಂದು ಒಂದೊಂದು ದಿಕ್ಕಿಗೆ ಬೆಳೆಯುತ್ತದೆ. 100 ನ್ಯಾನೋಮೀಟರ್ ದಪ್ಪಕ್ಕೆ ನಡೆಯುತ್ತದೆ. 5ಕ್ಕೆ ಇಳಿಸಿದರೆ ಸೂಪರ್‌ಕಂಡಕ್ಟರ್ ಆಗುವ ತಾಪಮಾನ ಜಾಸ್ತಿ ಕುಸಿಯುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಹರಳು ಸಿಕ್ಕರೆ ಅದನ್ನೇ ತಗೋ. ಅದು ತೇವ ಹೀರುತ್ತದೆ, ನಮ್ಮ ಜುಲೈ ಮಳೆಯಲ್ಲಿ ಡೆಸಿಕೇಟರ್ (ತೇವ ತಾಗದಂತೆ ಇಡುವ ಡಬ್ಬಿ) ಬಿಟ್ಟು ಹೊರಗಿಡಬೇಡ.