ಫಾಂಟಾನ್ ಆಪರೇಷನ್ ಆಗಿ ಒಂಬತ್ತು ವರ್ಷ. ಚೆಕಪ್ ಇನ್ನೂ ಬೇಕಾ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಡಾಕ್ಟ್ರೇ. ನನ್ನ ಮಗಳಿಗೆ ಹುಟ್ಟಿನಿಂದ ಹೃದಯದ ಒಂದೇ ಪಂಪು ಸರಿಯಾಗಿದೆ. ನಾಲ್ಕನೇ ವರ್ಷಕ್ಕೆ ಫಾಂಟಾನ್ ಆಯಿತು. ಈಗ ಹದಿಮೂರು, ಆರಾಮಾಗಿದ್ದಾಳೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಎರಡು ವರ್ಷದಿಂದ ಬೆಂಗಳೂರಿಗೆ ಹೋಗಿಲ್ಲ. ‘ಚೆನ್ನಾಗಿದ್ದಾಳಲ್ಲ, ಸುಮ್ನೆ ಯಾಕೆ ಖರ್ಚು’ ಅಂತಾರೆ ಮನೆಯವರು. ಶಾಲೆಯಿಂದ ಮುಳ್ಳಯ್ಯನಗಿರಿಗೆ ಟ್ರಿಪ್ ಇದೆ. ಕಳಿಸಬಹುದಾ?

ಉತ್ತರ (ಮಕ್ಕಳ ಹೃದ್ರೋಗ ವೈದ್ಯರು): ಅಮ್ಮಾ, ಚೆಕಪ್ ಬೇಕೇ ಬೇಕು. ಫಾಂಟಾನ್ ಹೃದಯವನ್ನು ಸರಿ ಮಾಡುವುದಿಲ್ಲ. ಇರುವ ಒಂದು ಪಂಪಿನಲ್ಲೇ ಸಂಸಾರ ತೂಗಿಸುವ ಏರ್ಪಾಡು ಅಷ್ಟೆ. ಮೈಯಿಂದ ವಾಪಸ್ ಬರುವ ರಕ್ತ ಪಂಪಿನ ಸಹಾಯವಿಲ್ಲದೆ ನೇರ ಶ್ವಾಸಕೋಶಕ್ಕೆ ಹೋಗಬೇಕು. ಅದಕ್ಕೇ ಆ ರಕ್ತನಾಳಗಳಲ್ಲಿ ಒತ್ತಡ ಯಾವಾಗಲೂ ಜಾಸ್ತಿ. ಅದರ ಪೆಟ್ಟು ಬೀಳುವುದು ಲಿವರ್ ಮೇಲೆ. ಲಿವರ್ ಗಟ್ಟಿಯಾಗುತ್ತಾ ಹೋದರೂ ಮಗುವಿಗೆ ಏನೂ ಗೊತ್ತಾಗುವುದಿಲ್ಲ.

ಫ್ರಾನ್ಸಿನ ಡಾ. ಫಾಂಟಾನ್ ಇದನ್ನು ಪ್ರಕಟಿಸಿದ್ದು 1971ರಲ್ಲಿ. ಆಗ ಮಗು ಉಳಿದರೆ ಸಾಕು ಅನ್ನುವಂತಿತ್ತು. ಈಗ ಈ ಮಕ್ಕಳು ಬೆಳೆದು ಮೂವತ್ತು, ನಲವತ್ತು ದಾಟುತ್ತಿದ್ದಾರೆ. ಹಾಗಾಗಿಯೇ ಲಿವರ್ ತೊಂದರೆ, ಎದೆಬಡಿತ ತಪ್ಪುವುದು, ರಕ್ತ ಹೆಪ್ಪುಗಟ್ಟುವುದು ನಮ್ಮ ಕಣ್ಣಿಗೆ ಬೀಳುತ್ತಿವೆ. ಮುಖ, ಕಾಲು ಊದಿಕೊಂಡು ಭೇದಿ ನಿಲ್ಲದಿದ್ದರೆ ಕಾಯಬೇಡಿ, ಕರುಳಿನಲ್ಲಿ ಪ್ರೋಟೀನ್ ಸೋರುತ್ತಿರಬಹುದು.

ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ. ರಕ್ತ ಪರೀಕ್ಷೆ, ಹೊಟ್ಟೆ ಸ್ಕ್ಯಾನಿಂಗ್ ಚಿಕ್ಕಮಗಳೂರಿನಲ್ಲೇ ಮಾಡಿಸಿ. ರಿಪೋರ್ಟ್ ಹಿಡಿದು ಎಕೋಗೆ (ಹೃದಯದ ಸ್ಕ್ಯಾನಿಂಗ್) ಮಾತ್ರ ಬೆಂಗಳೂರಿಗೆ ಹೋಗಿ. ವಾರ್ಫರಿನ್ ಡೋಸ್ ಸರಿಯಿದೆಯಾ ಅಂತ ನೋಡುವ ಐಎನ್‌ಆರ್ ರಕ್ತ ಪರೀಕ್ಷೆ ತಪ್ಪಿಸಬೇಡಿ. ಸೊಪ್ಪು ಜಾಸ್ತಿ ಕಮ್ಮಿಯಾದರೆ ವಾರ್ಫರಿನ್ ಕೆಲಸವೂ ಏರುಪೇರಾಗುತ್ತದೆ. ಹಾಗಂತ ಸೊಪ್ಪು ತಿನ್ನುವುದನ್ನೇ ನಿಲ್ಲಿಸಬೇಕಿಲ್ಲ. ಆದರೆ ಒಂದು ವಾರ ದಿನಾ ಬಸ್ಸಾರು, ಇನ್ನೊಂದು ವಾರ ಸೊಪ್ಪಿನ ಸುದ್ದಿಯೇ ಇಲ್ಲ ಅಂತಾಗಬಾರದು.

ನೀವು ಕೇಳದ ಒಂದು ವಿಷಯ: ವಾರ್ಫರಿನ್ ತಗೊಳ್ಳುವ ಹುಡುಗಿಯರಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು. ಹೊಟ್ಟೆನೋವಿಗೆ ಅಂಗಡಿಯಿಂದ ಐಬುಪ್ರೊಫೇನ್ ತಂದು ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು. ಮುಂದೆ ಮದುವೆ, ಬಸಿರು ಅಂದಾಗ ಈ ಮಾತ್ರೆಯ ಬಗ್ಗೆ ಮೊದಲೇ ಕೂತು ಮಾತಾಡಬೇಕು. ಅದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಟ್ರಿಪ್ಪಾ? ಮುಳ್ಳಯ್ಯನಗಿರಿ 1,930 ಮೀಟರ್. ಮೊದಲು ಎಕೋ, ಆಕ್ಸಿಜನ್ ನೋಡಿಸಿ. ಅವಳ ಡಾಕ್ಟರ್ ಸರಿ ಅಂದರೆ ಧಾರಾಳವಾಗಿ ಕಳಿಸಿ, ಮನೆಯಲ್ಲಿ ಕೂರಿಸಬೇಡಿ. ಮೆಟ್ಟಿಲಲ್ಲಿ ಪೈಪೋಟಿ ಬೇಡ, ನೀರು ಕುಡಿಯುತ್ತಿರಲಿ. ಟೀಚರ್‌ಗೆ ಹೇಳಿರಿ.

ಪ್ರಶ್ನೆ (ಅರಸೀಕೆರೆ): ಸರ್, ನನ್ನ ಮಗನಿಗೆ ಗ್ಲೆನ್ (ಫಾಂಟಾನ್‌ಗೆ ಮುಂಚಿನ ಆಪರೇಷನ್) ಮಾತ್ರ ಆಗಿದೆ, ರಕ್ತದಲ್ಲಿ ಆಕ್ಸಿಜನ್ ಶೇ. 84. ಹುಳುಕು ಹಲ್ಲು ಕೀಳಿಸಬಹುದಾ?

ಉತ್ತರ: ಕೀಳಿಸಿ, ಹುಳುಕು ಇಟ್ಟುಕೊಳ್ಳುವುದೇ ಅಪಾಯ. ಆದರೆ ಅರ್ಧದಿಂದ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಕೊಡಲೇಬೇಕು. ಹಲ್ಲಿನ ಡಾಕ್ಟರಿಗೆ ಹೃದಯದ ಫೈಲ್ ತೋರಿಸಿ.