ಪದಚರ್ಚೆ: ಕುದುರೆಯ ಜೀನೋಮ್ ವರದಿಯಲ್ಲಿ ‘ವಾಹಕ’ ಸರಿಯೇ?

ಬಳಗದವರಿಗೆ ನಮಸ್ಕಾರ.

ಕುದುರೆಗಳ ಆನುವಂಶಿಕ ಕಾಯಿಲೆಗಳನ್ನು ಜೀನೋಮ್ ದತ್ತಾಂಶದಲ್ಲಿ ಹುಡುಕುವ ಬಗ್ಗೆ ಪಶುವೈದ್ಯ ವಿದ್ಯಾರ್ಥಿಗಳಿಗೊಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ‘ಕ್ಯಾರಿಯರ್’ (ದೋಷವಿರುವ ಜೀನಿನ ಒಂದು ಪ್ರತಿಯಿದ್ದೂ ತಾನು ಆರೋಗ್ಯವಾಗಿರುವ ಪ್ರಾಣಿ) ಎಂಬ ಪದ ಬಂದಲ್ಲೆಲ್ಲ ತೊಡಕಾಗುತ್ತಿದೆ. ರೂಢಿಯ ಪದ ‘ವಾಹಕ’. ಆದರೆ ಮಲೇರಿಯಾದ ಸೊಳ್ಳೆಯೂ ರೋಗವಾಹಕವೇ. ಅರೇಬಿಯನ್ ಹೆಣ್ಣುಕುದುರೆಯೊಂದನ್ನು ‘ಸ್ಕಿಡ್ ವಾಹಕ’ (ಸ್ಕಿಡ್ ಎಂದರೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಆನುವಂಶಿಕ ಕಾಯಿಲೆ) ಎಂದು ಬರೆದರೆ, ಲಾಯದವರು ಅಂಟುರೋಗವೆಂದು ಅದನ್ನು ಬೇರೆ ಕಟ್ಟಿಯಾರು. ‘ವಿಷಮಯುಗ್ಮಜಿ’ (ಜೀನಿನ ಎರಡು ಪ್ರತಿಗಳು ಬೇರೆಬೇರೆ ಇರುವ ಜೀವಿ) ಶಾಸ್ತ್ರಕ್ಕೆ ಸರಿ, ಲಾಯದಲ್ಲಿ ಯಾರಿಗೂ ದಕ್ಕದು. ಬೇರೆ ಪದವಿದೆಯೇ?

ಉತ್ತರ 1

ಅಂಟುರೋಗದ ಗೊಂದಲಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವಿಸಿಎಫ್ ಕಡತದಲ್ಲಿ (ಜೀನೋಮಿನಲ್ಲಿ ಕಂಡ ವ್ಯತ್ಯಾಸಗಳ ಪಟ್ಟಿ) 0/1 ಎಂದು, ಅಂದರೆ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದೆ ಎಂದು, ಕಂಡದ್ದನ್ನೆಲ್ಲ ‘ವಾಹಕ’ ಎಂದು ಅನುವಾದಿಸಿದರೆ ಅರ್ಥವೇ ಕೆಡುತ್ತದೆ.

ಸ್ಕಿಡ್‌ನಲ್ಲಿ ಪಿಆರ್‌ಕೆಡಿಸಿ ಜೀನಿನ 5 ಅಕ್ಷರಗಳು ಅಳಿದಿರುತ್ತವೆ. 0/1 ಇರುವ ಕುದುರೆ ಆರೋಗ್ಯವಾಗಿಯೇ ಇರುತ್ತದೆ; ಅಂಥ ಎರಡನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಲ್ಲಿ ‘ವಾಹಕ’ ಹೇಗೋ ನಡೆಯುತ್ತದೆ. ಆದರೆ ಕ್ವಾರ್ಟರ್ ಹಾರ್ಸ್ ತಳಿಯ ಎಚ್‌ವೈಪಿಪಿಯಲ್ಲಿ (ಸ್ನಾಯುಗಳ ಆನುವಂಶಿಕ ಕಾಯಿಲೆ; ಇಂಪ್ರೆಸಿವ್ ಎಂಬ ಬೀಜದ ಕುದುರೆಯ ಸಂತತಿಯಲ್ಲಿ ಹರಡಿದ್ದು, ಜೀನು ಎಸ್‌ಸಿಎನ್4ಎ) ದೋಷಪ್ರತಿ ಒಂದೇ ಸಾಕು, ಸ್ನಾಯು ನಡುಗುತ್ತದೆ, ಕುದುರೆ ಕುಸಿಯುತ್ತದೆ. ಅದೇ 0/1 ಇಲ್ಲಿ ರೋಗಿ. ಇನ್ನು ಈಡಿಎನ್‌ಆರ್‌ಬಿ ಜೀನಿನದು ಮೂರನೇ ಬಗೆ. ಒಂದು ಪ್ರತಿಯಿದ್ದರೆ ಮೈಮೇಲೆ ‘ಫ್ರೇಮ್’ ಮಾದರಿಯ ಬಿಳಿ ಮಚ್ಚೆ, ಕೆಲವೊಮ್ಮೆ ಅದೂ ಕಾಣದು. ಎರಡಿದ್ದರೆ ಮರಿ ಬೆಳ್ಳಗೆ ಹುಟ್ಟಿ, ಕರುಳಿನ ನರಕೋಶಗಳಿಲ್ಲದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ‘ಅಡಗುಗುಣ’ (ದೋಷಪ್ರತಿ ಎರಡಿದ್ದರೆ ಮಾತ್ರ ತೋರುವ ಗುಣ) ಎಂಬ ಪದವೂ ಎಲ್ಲ ಕಡೆ ಹೊಂದದು.

ನನ್ನ ಸಲಹೆ: ಎಣಿಕೆಗೆ ಒಂದು ಪದ, ಪರಿಣಾಮಕ್ಕೆ ಇನ್ನೊಂದು. 0/1ಕ್ಕೆ ‘ಒಂಟಿಪ್ರತಿ’, 1/1ಕ್ಕೆ ‘ಜೋಡಿಪ್ರತಿ’. ಆಮೇಲೆ ‘ರೋಗವಿಲ್ಲ, ಮರಿಗೆ ದಾಟಬಹುದು’ ಎಂದೋ ‘ರೋಗವಿದೆ’ ಎಂದೋ ಬಿಡಿಸಿ ಬರೆಯಿರಿ. 0 ಎಂದರೆ ‘ಸರಿಯಾದದ್ದು’ ಎಂದೂ ಬರೆಯಬೇಡಿ. ಹೋಲಿಕೆಗೆ ಬಳಸುವ ಮಾದರಿ ಜೀನೋಮ್ ಈಕ್ವಕ್ಯಾಬ್3.0 (EquCab3.0) ಎಂಬುದು ಟ್ವೈಲೈಟ್ ಎಂಬ ಒಂದು ಥರೋಬ್ರೆಡ್ ಹೆಣ್ಣುಕುದುರೆಯ ಜೀನೋಮ್. 0 ಎಂದರೆ ಅವಳಲ್ಲಿದ್ದದ್ದು, ಅಷ್ಟೇ.

ಪ್ರತಿ ಎಣಿಸುವಾಗಿನ ಒಂದು ಬಲೆಯನ್ನೂ ಕೈಪಿಡಿಯಲ್ಲಿ ಸೇರಿಸಿ. ಈಡಿಎನ್‌ಆರ್‌ಬಿಯಲ್ಲಿ ಎಟಿಸಿ ಎಂಬ ಕೋಡಾನ್ (ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಅಕ್ಷರ) ಎಎಜಿ ಆಗುತ್ತದೆ, ಐಸೊಲ್ಯೂಸಿನ್ ಜಾಗಕ್ಕೆ ಲೈಸಿನ್ ಬರುತ್ತದೆ. ಅಕ್ಕಪಕ್ಕದ ಈ ಎರಡು ಬದಲಾವಣೆಗಳನ್ನು ತಂತ್ರಾಂಶ ಎರಡು ಸಾಲಾಗಿ ಬರೆದರೆ, ಒಂದು ಆಸ್ಪರಜಿನ್ (ಎಎಸಿ), ಇನ್ನೊಂದು ಮೆಥಿಯೊನಿನ್ (ಎಟಿಜಿ) ಎಂದು ತೋರುತ್ತದೆ. ಎರಡೂ ಸುಳ್ಳು, ಲೈಸಿನ್ ಎಲ್ಲೂ ಕಾಣದು. ಒಂದೇ ರೀಡಿನಲ್ಲಿ (ಯಂತ್ರ ಒಮ್ಮೆಗೆ ಓದಿದ ಜೀನೋಮಿನ ಚಿಕ್ಕ ತುಣುಕು) ಎರಡೂ ಇವೆಯೇ ಎಂದು ಐಜಿವಿಯಲ್ಲಿ (ರೀಡುಗಳನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶ) ನೋಡಿ, ಒಟ್ಟುಗೂಡಿಸಿದ ಮೇಲೆ ಅರ್ಥ ಬರೆಯಬೇಕು.

ಉತ್ತರ 2

‘ಒಂಟಿಪ್ರತಿ’ ಚೆನ್ನಾಗಿದೆ, ಆದರೆ ಅದನ್ನು ಬರೆಯುವ ಮುಂಚೆ ರೀಡುಗಳ ಸಂಖ್ಯೆ ನೋಡಿ. ಒಂಟಿಪ್ರತಿಯ ಕುದುರೆಯಲ್ಲಿ ಆ ಜಾಗವನ್ನು 4 ರೀಡುಗಳಷ್ಟೇ ಮುಚ್ಚಿದ್ದರೆ, ನಾಲ್ಕೂ ದೋಷವಿಲ್ಲದ ಪ್ರತಿಯಿಂದಲೇ ಬಂದಿರುವ ಸಾಧ್ಯತೆ 16ರಲ್ಲಿ 1. 10 ರೀಡುಗಳಿದ್ದರೆ 1024ರಲ್ಲಿ 1. ಸ್ಕಿಡ್‌ನಲ್ಲಿ ಇನ್ನೂ ಎಚ್ಚರ ಬೇಕು: ಅಳಿದ ಜಾಗ ರೀಡಿನ ತುದಿಗೆ ಬಿದ್ದರೆ ಬಿಡಬ್ಲ್ಯೂಎ (ರೀಡುಗಳನ್ನು ಮಾದರಿ ಜೀನೋಮಿಗೆ ಹೊಂದಿಸುವ ತಂತ್ರಾಂಶ) ಅಲ್ಲಿ ತೆರಪು ಬಿಡದೆ, ಆ ತುದಿಯನ್ನೇ ಹೊಂದದ್ದೆಂದು ಬದಿಗಿಡಬಹುದು. ದೋಷಪ್ರತಿಯ ಸಾಕ್ಷಿ ಅಷ್ಟು ಕಡಿಮೆಯಾಗುತ್ತದೆ.

ಕೈಪಿಡಿಗೆ ಇನ್ನೊಂದು ಪದವೂ ಬೇಕು, ./. ಗುರುತಿಗೆ. ಅದನ್ನು ‘ಇಲ್ಲ’ ಎಂದು ಬರೆದರೆ ಓದುಗರು ‘ದೋಷವಿಲ್ಲ’ ಎಂದುಕೊಂಡು ಕುದುರೆಯನ್ನು ಕೂಡಿಸಿಬಿಡುತ್ತಾರೆ. ‘ಓದಲಾಗಲಿಲ್ಲ’ ಎಂದಿರಲಿ. ಹಲವು ಕುದುರೆಗಳ ಕಡತಗಳನ್ನು ಒಂದುಗೂಡಿಸುವಾಗ, ಒಂದು ಕಡತದಲ್ಲಿ ಸಾಲೇ ಇಲ್ಲದ ಜಾಗವನ್ನು 0/0 ಎಂದು ತುಂಬುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿದೆ. ಅದನ್ನು ಬಳಸಬೇಡಿ.